ಸಿಪಾಯಿಯ ಮೇಲೆ ಶುಭಾಂಗಿಯ ಖಟ್ಲೆ

ಹದಿನೇಳು ವರ್ಷ ಫೌಜಿನಲ್ಲಿದ್ದು ಗುಂಜೋಟಿಯ ಹೊಲಕ್ಕೆ ಮರಳಿದ ಅಮರನಾಥನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಉದಗೀರದ ಲಾ ಕಾಲೇಜಿನ ಅಣಕು ಕೋರ್ಟಿನಲ್ಲಿ ಮಗಳು ಶುಭಾಂಗಿ ಸಿಪಾಯಿಯ ವಿರುದ್ಧ ವಾದಿಸುತ್ತಾಳೆಂದು ಕೇಳಿದ್ದೇ ತಡ, ಊಟದ ತಟ್ಟೆ ಸರಿಸಿ ಎದ್ದುಬಿಟ್ಟ. ಖಟ್ಲೆಯೇನೋ ಕಲ್ಪನೆಯದು. ಒಂದು ದೇಶ ಕಾರಣವಿಲ್ಲದೆ ನೆರೆದೇಶದ ಮೇಲೆ ಏರಿ ಹೋಗಿದೆ; ಹುಕುಮಿನಂತೆ ಗಡಿ ದಾಟಿದ ಸಿಪಾಯಿಯನ್ನು ಅವನ ದೇಶದ ಕೋರ್ಟೇ ಆಕ್ರಮಣದ ಅಪರಾಧಕ್ಕಾಗಿ ವಿಚಾರಿಸುತ್ತಿದೆ.

"ಹುಕುಮ ಕೇಳಿದಾಂವ ಗುನ್ಹೆಗಾರ ಹ್ಯಾಂಗ ಆಗ್ತಾನ? ನಾ ಬರಂಗಿಲ್ಲ," ಎಂದ.

ಆದರೆ ಹೋಗದೆ ಇರಲಾಗಲಿಲ್ಲ. ತನ್ನ ಮುಖ ಕಂಡರೆ ಮಗಳು ಮೆತ್ತಗಾದಾಳೆಂಬ ಆಸೆ ಒಳಗೊಳಗೇ ಇತ್ತು. ಹೋಗಿ ಮುಂದಿನ ಸಾಲಿನಲ್ಲೇ ಕೂತ.

ಮೆತ್ತಗಾಗುವುದೆಲ್ಲಿ ಬಂತು? ಶುಭಾಂಗಿ ಎದ್ದವಳೇ ಮನೆಯ ಗುಟ್ಟನ್ನೇ ಬಯಲಿಗಿಟ್ಟಳು. ಪಕ್ಕದವರ ಹೊಲ ಒತ್ತುವರಿ ಮಾಡಲು ತನ್ನ ಅಜ್ಜ, ವರ್ಷದ ಕರಾರಿನ ಆಳು ಬಾಳುವಿಗೆ ನೇಗಿಲು ಹೊಡೆಯಲು ಹೇಳಿದ್ದನ್ನು ಅಲ್ಲಿನ ಕೋರ್ಟಿನ ಭಾಷೆಯಾದ ಸ್ವಚ್ಛ ಮರಾಠಿಯಲ್ಲಿ ವಿವರಿಸಿದಳು. ಬಾಳು ಗಡಿಕಲ್ಲಿನ ಈಚೆಗೇ ಎತ್ತು ನಿಲ್ಲಿಸಿ ನೊಗ ಇಳಿಸಿದ್ದ. ಅವನ ಮಾತನ್ನು ಮಾತ್ರ ಅವನಾಡಿದಂತೆ ಕನ್ನಡದಲ್ಲೇ ಹೇಳಿದಳು: "ಕಲ್ಲು ದಾಟೂದಿದ್ರ ಮಾಲಕ, ನೇಗಿಲಾ ನೀವೇ ಹಿಡೀರಿ." ಮಾಲಕ ಹೇಳಿದರೂ ಪರರ ಗಡಿ ದಾಟದಿರುವುದು ಆಳುಗಳಲ್ಲಿ ಹಿಂದಿನಿಂದ ಬಂದ ರಿವಾಜು. ಹೊಟ್ಟೆಪಾಡಿನ ಆಳಿಗೆ ತಿಳಿದದ್ದು ಬಂದೂಕು ಹಿಡಿದವನಿಗೆ ತಿಳಿಯಬಾರದೇ ಎಂದು ಕೇಳಿದಳು.

ತನ್ನಪ್ಪನ ಒತ್ತುವರಿ ಊರಿಗೆಲ್ಲ ಡಂಗುರವಾಯಿತಲ್ಲ ಎಂದು ಅಮರನಾಥನ ಕಿವಿ ಕೆಂಪಾದವು. ಆದರೂ ಸುಳ್ಳೇಕೆ, ಎದೆ ಉಬ್ಬಿತು. ಇಷ್ಟು ನೆಟ್ಟಗೆ ನಿಂತು, ಯಾರ ಮುಲಾಜೂ ಇಲ್ಲದೆ ಮಾತಾಡಿದವರನ್ನು ಅವನು ಫೌಜಿನಲ್ಲೂ ಕಂಡಿರಲಿಲ್ಲ.

ನ್ಯಾಯಾಧೀಶೆಯಾಗಿ ಕೂತಿದ್ದ ನಿಲಂಗಾದ ಹಿರಿಯ ವಕೀಲೆ ಮೀನಲ ತೀರ್ಪು ಕೊಟ್ಟರು. ಈ ಅಪರಾಧ ಯುದ್ಧದ ಲಗಾಮು ಹಿಡಿದವರದು, ಕೆಳಗಿನ ಸಿಪಾಯಿ ಇದರಡಿ ಬರುವುದಿಲ್ಲ ಎಂದರು. ಸಿಪಾಯಿ ಬಿಡುಗಡೆಯಾದ; ಶುಭಾಂಗಿ ಸೋತಳು. ತನ್ನ ಪಕ್ಷ ಗೆದ್ದರೂ ಅಮರನಾಥನಿಗೆ ಯಾಕೋ ಖುಷಿಯಾಗಲಿಲ್ಲ.

ಊರಿಗೆ ಮರಳುವಾಗ ಉಮರ್ಗಾದ ಬಸ್ಸು ನಿಲಂಗಾ ತಲುಪಿತು. ಆಗ ಮಗಳೇ ಕೇಳಿದಳು: "ಅಪ್ಪಾ, ಖರೇ ಹೇಳು. ಅಂಥಾ ಹುಕುಮ ನಿನಗ ಬಂದಿದ್ರ ಏನ್ ಮಾಡ್ತಿದ್ದಿ?"

ಅಮರನಾಥ ಮಗಳತ್ತ ತಿರುಗಿದ.

"ಗಡಿ ದಾಟ್ತಿದ್ದೆ, ಅವ್ವಾ. ವಿಚಾರಾನೂ ಮಾಡ್ತಿದ್ದಿಲ್ಲ. ಅದಕ್ಕೇ ನಿನ್ನಂಥಾಕಿ ಕೋರ್ಟಿನ್ಯಾಗ ಇರಬೇಕು."