ಶಿವಲಿಂಗಯ್ಯನ ಎತ್ತರಕ್ಕೊಂದು ಪದ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ನಾಲಿಗೆ ಕುಂತಿಬೆಟ್ಟದ ಕಲ್ಲಾಗಲಿ.

ನನ್ನ ಮಗಳು ಸ್ನೇಹ ಮೈಸೂರಿನ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಾಳೆ. ನಾಳೆ ತರಗತಿಯಲ್ಲಿ ಅವಳು ತಾತ ಶಿವಲಿಂಗಯ್ಯನ ಬಗ್ಗೆ ಮಾತಾಡಬೇಕು. ತಾತನನ್ನು ಅವಳು ಕಂಡಿಲ್ಲ, ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ. ಚಿನಕುರಳಿಯ ನಮ್ಮ ಜಗಲಿಯ ಮೇಲೆ ಕೂತು ನನ್ನನ್ನು ಕೇಳಿದಳು.

“ಅಪ್ಪಾ, ಮನುಷ್ಯರ ಎತ್ತರಕ್ಕೆ ಎಸ್ತಾತುರಾ ಅಂತಾರೆ. ಬೆಟ್ಟ, ಗೋಪುರಕ್ಕೆ ಅಲ್ತುರಾ. ತಾತ ಎಷ್ಟುದ್ದ ಇದ್ರು? ದಿಟ ಹೇಳು.”

“ನೋಡವ್ವ, ಆಗ ಬಾವಿ ಎಷ್ಟು ಆಳ ಅಂತ ನೋಡಾಕೆ ಆಳನ್ನೇ ಇಳಿಸ್ತಿದ್ರು. ನಮ್ಮೂರ ಬಾವಿಗೆ ನಮ್ಮಪ್ಪನ್ನ ಇಳಿಸಿ, ಮೂರಾಳುದ್ದ ಅಂದ್ರು. ಪಾಂಡವಪುರದ ಸಂತೇಲಿ ಅಲ್ಲಿನ ಆಳಿನ ಅಳತೇಲಿ ಮೂರಾಳುದ್ದದ ಹಗ್ಗ ತಂದೋರ ಬಿಂದಿಗೆ ಒಂದೂ ನೀರು ಮುಟ್ಲಿಲ್ಲ. ಊರೋರೆಲ್ಲ ಬರೀ ಗಾಳಿ ಸೇದುದ್ರು.”

“ಬುಡಪ್ಪ ಸಾಕು. ನೀನು ಅವ್ರಿಗೆ ಎಲ್ಲೀಗಂಟ ಬರ್ತಿದ್ದೆ?”

ನಾನು ಎದ್ದು ನಿಂತು ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ.

“ಪಂಚೆ ಗಂಟಿಗೆ. ನಂಗಾಗ ಆರು ವರ್ಸ. ಆಲೆಮನೆಯಿಂದ ಬಂದ್ರೆ ಅವನ ಟವಲ್ಲು ನನ್ ಮುಖಕ್ಕೆ ತಾಗೋದು, ಬರೀ ಬೆಲ್ಲದ ವಾಸ್ನೆ. ಅದೇ ವರ್ಸ ತೀರೋಗ್ಬುಟ್ಟ. ಆಮೇಲೆ ಪಕ್ಕದಲ್ಲಿ ನಿಂತು ನೋಡಾಕೆ ಆಗ್ಲೇ ಇಲ್ಲ ಕಣವ್ವ.”

ಸ್ನೇಹ ನನ್ನ ಸೊಂಟದ ಹತ್ತಿರವಿದ್ದ ಕೈಯನ್ನು ನೋಡಿದಳು.

“ಅಂಗಾದ್ರೆ ತಾತಂಗೆ ಬೆಟ್ಟದ ಪದಾನೇ, ಅಲ್ತುರಾ ಅಂತಾನೇ ಹೇಳ್ತೀನಿ. ಮೇಡಂ ತಪ್ಪು ಅಂದ್ರೆ ಅನ್ಲಿ,” ಅಂದು ಮೇಲೆದ್ದಳು.

“ಇನ್ನೊಂದ್ ಕೇಳೋಗು. ನಾಗಮಂಗಲದಲ್ಲಿ ತೆಂಗಿನಕಾಯಿ ಕೀಳೋವಾಗ ನಮ್ಮಪ್ಪ ಮರ ಅತ್ತೋನಲ್ಲ, ಸುಮ್ನೆ ಸೊಂಟ ಬಗ್ಗಿಸಿ...”

ಅವಳು ಆಗಲೇ ಒಳಗೆ ಹೋಗಿಬಿಟ್ಟಿದ್ದಳು.