ಬಲಗಡೆಯ ಎಸಳು

ಗುರುಬಸವ್ವ ದೇವರ ಜಗಲಿಯ ಮುಂದೆ ಕುಳಿತು, ಹಿತ್ತಾಳೆಯ ವೀರಭದ್ರನ ಎಡಭುಜಕ್ಕೆ ಒದ್ದೆ ಸೇವಂತಿಗೆ ಎಸಳೊಂದನ್ನು ಆಗಲೇ ಅಂಟಿಸಿದ್ದಳು. ಬಲಭುಜದ್ದು ಇನ್ನೂ ಬೆರಳ ತುದಿಯಲ್ಲಿತ್ತು. ಬಲಗಡೆಯದು ಮೊದಲು ಬಿದ್ದರೆ ಮಗಳಿಗೆ ಬಂದ ಮನೋಳಿಯ ಸಂಬಂಧ ಗಟ್ಟಿ, ಎಡಗಡೆಯದು ಬಿದ್ದರೆ ಬಿಟ್ಟಂತೆ. ಚಚಡಿ ಊರಿನ ಆ ಮನೆಯ ಮದುವೆಗಳೆಲ್ಲ ಹೀಗೇ ತೀರ್ಮಾನವಾಗಿದ್ದವು.

"ಕಡೀಗೊಮ್ಮೆ ಕೇಳ್ತೇನಿ ಸಪ್ನಾ, ಹುಡುಗ ನಿನ್ನ ಮನಸಿಗೆ ಬಂದಾನೋ ಇಲ್ಲೋ?"

ಬಾಗಿಲಿಗೆ ಒರಗಿ ನಿಂತಿದ್ದ ಸಣ್ಣ ಮಗಳು ನಕ್ಕಳು. "ನಾ ಹೂಂ ಅಂದು, ನಾಳೆ ಅಂವ ಕುಡುಕ ಆದ್ರ, ನೀನ ಒಪ್ಪಿದ್ಯಲ್ಲ, ಅನುಭವಿಸು ಅಂತೀರಿ. ಹೂ ಕೇಳಬೇ. ವೀರಭದ್ರಗ ಯಾರೂ ಬೈಯಂಗಿಲ್ಲ."

"ಬಿ.ಎಡ್. ಮುಗಿಸಿದಾಕಿ, ಭಾಳ ಶಾಣ್ಯಾಕಿ!"

"ಅದಕ್ಕ ಹೇಳಾಕತ್ತೇನಿ."

ಪಡಸಾಲೆಯಿಂದ ಗಂಡ ನಿಜಗುಣಪ್ಪ ಕೂಗಿದ: "ನಾ ಯಾರಿಗೂ ಅಡ್ಡ ಬರಂಗಿಲ್ಲ. ತಾಯಿ-ಮಗಳು ಏನರೆ ಮಾಡ್ರಿ. ಸಂಜಿಗೆ ಅವರ ಫೋನ್ ಬರತೈತಿ, ಏನಂತ ಹೇಳಲಿ?"

ಆರು ವರ್ಷದ ಹಿಂದೆ ಹಿರಿಯ ಮಗಳು ಗಂಗಾಳಿಗೆ ರಾಮದುರ್ಗದ ಸಂಬಂಧ ಬಂದಾಗಲೂ ಗುರುಬಸವ್ವನೇ ಎಸಳು ಅಂಟಿಸಿದ್ದಳು. ಆ ಮನೆ, ಆ ಹುಡುಗನ ನಯವಾದ ಮಾತು ಅವಳಿಗೆ ಬಹಳ ಹಿಡಿಸಿದ್ದವು. ಎಡಗಡೆಯದನ್ನು ನೀರಲ್ಲಿ ಚೆನ್ನಾಗಿ ಅದ್ದಿದ್ದಳು. ಬಲಗಡೆಯದಕ್ಕೆ ನೀರು ಮುಟ್ಟಿಸಿದಂತೆ ಮಾಡಿದ್ದಳು, ಅಷ್ಟೇ. ಅದು ಆರಿ ಉದುರಿತು. ಎಲ್ಲರೂ ಕೈ ಮುಗಿದರು. ಅವಳೂ ಮುಗಿದಳು.

ಹೋದ ವಾರ ಗಂಗಾ ಫೋನ್ ಮಾಡಿದ್ದಳು. ಗಂಡ ತಿರುವಿದ ಕೈ ಇನ್ನೂ ಬಾತಿದೆಯಂತೆ. "ಬಂದಬಿಡ ನನ್ನವ್ವಾ" ಎಂದರೆ, "ದೇವರು ಕೊಟ್ಟ ಹೂ ಬೇ. ಬಿಟ್ಟು ಬಂದ್ರ ಒಳ್ಳೇದಾಗತೈತೇನ?" ಎಂದಿದ್ದಳು. ಗುರುಬಸವ್ವ ಕೈಗೆ ಅರಿಶಿನ ಹಚ್ಚಿಕೋ ಎಂದು ಹೇಳಿ ಫೋನ್ ಇಟ್ಟಿದ್ದಳು.

"ಅಂಟಸಬೇ ಲಗೂನ" ಎಂದು ಸಪ್ನಾ ಅವಸರ ಮಾಡಿದಳು.

ಗುರುಬಸವ್ವ ಕೈಯಲ್ಲಿದ್ದ ಎಸಳನ್ನು ತಾಟಿನಲ್ಲಿಟ್ಟಳು. ಎಡಭುಜದ್ದನ್ನೂ ತೆಗೆದಳು. "ಹೂ ಕೇಳೂದು ಬ್ಯಾಡ. ಸಂಜಿಗೆ ಫೋನ್ ಬಂದ್ರ ನೀನ ಮಾತಾಡು."

"ನಾನ?" ಸಪ್ನಾಳ ನಗೆ ಇಂಗಿಹೋಯಿತು. "ನಾ ಏನಂತ ಹೇಳಲಿಬೇ?"

ಗುರುಬಸವ್ವ ಅಡುಗೆಮನೆಗೆ ಹೋಗಿ ಜೋಳದ ಹಿಟ್ಟಿನ ಡಬ್ಬಿ ತೆರೆದಳು. ಬುತ್ತಿಗೆ ನಾಲ್ಕು ರೊಟ್ಟಿ ಹೆಚ್ಚು ಬಡಿಯಬೇಕು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಸವದತ್ತಿ, ಅಲ್ಲಿಂದ ರಾಮದುರ್ಗ. ಗಂಗಾಳ ಎದುರು ಕುಳಿತು, ಆ ಹೂ ಬೀಳಿಸಿದ್ದು ಯಾರ ಕೈ ಎಂದು ಹೇಳಬೇಕು. ಆಮೇಲೆ ಅವಳು ಜೊತೆಗೆ ಬಂದರೂ ಸರಿ, ಮುಖ ತಿರುಗಿಸಿದರೂ ಸರಿ.

"ಇಷ್ಟ್ಯಾಕಬೇ ಹಿಟ್ಟು?" ಹಿಂದೆಯೇ ಬಂದ ಸಪ್ನಾ ಕೇಳಿದಳು.

"ನೀರು ಕಾಯಾಕಿಡು" ಎಂದಳು ಗುರುಬಸವ್ವ.