ಕಾಂತಿ ಟೀಚರ ಇನ್ನೂರ ಹನ್ನೆರಡು ಪತ್ತಿರ್

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಮರುದಿನದ ಆರ್ಡರ್ ಮುಚ್ಚಿತು. ಅವ್ವಮ್ಮ ಕನ್ನಡಕ ಏರಿಸಿಕೊಂಡು ಮೊಬೈಲಿನ ಪಟ್ಟಿಯನ್ನು ಕೊನೆಯಿಂದ ಓದಿದರು. ಅವರು ಪೇಪರನ್ನೂ ಕೊನೆಯ ಪುಟದಿಂದಲೇ ಓದುವುದು.

“ಫಿದಾ, ಕಾಂತಿ ಟೀಚರ ಮನೆಯಲ್ಲಿ ಮದುವೆ ಉಂಟಾ?”

“ಇಲ್ಲ ಮಾಮಿ, ಯಾಕೆ?”

“ಮತ್ತೆ ಇನ್ನೂರ ಹನ್ನೆರಡು ಪತ್ತಿರ್ ಯಾರಿಗೆ? ಟೀಚರು, ಅವರ ತಂಗಿ, ಇಬ್ಬರೇ ಇರುವುದು. ಎರಡು ವರ್ಷದಿಂದ ಶುಕ್ರವಾರಕ್ಕೆ ಎಂಟು. ತಂಗಿಗೆ ಜ್ವರ ಬಂದರೆ ಆರು.”

ಫಿದಾ ಎದ್ದು ಬಂದು ನೋಡಿದಳು. ಪಟ್ಟಿಯ ಕೆಳಗೆ ಒಟ್ಟು ಎಷ್ಟು ಪತ್ತಿರ್ ಎಂದು ಇತ್ತು: ಎರಡು ಸಾವಿರದ ನಾನೂರ ಮೂವತ್ತು. ಪಾಣೆಮಂಗಳೂರಿನ ಆ ಅಡುಗೆಮನೆಯಿಂದ ಒಂದೇ ದಿನ ಅಷ್ಟು ಅಕ್ಕಿರೊಟ್ಟಿ ಎಂದೂ ಹೊರಟಿರಲಿಲ್ಲ.

“ಸೈನಬ ಎಲ್ಲಿ?” ಎಂದು ಕೇಳಿದಳು.

“ಅವಳು ನನ್ನ ಹಾಗೆ ಅಲ್ಲ, ಕಂಪ್ಯೂಟರ್ ಹೇಳಿದ್ದನ್ನು ನಂಬುತ್ತಾಳೆ. ಒಟ್ಟು ನೋಡಿದ್ದೇ, ಅಷ್ಟು ಅಕ್ಕಿ ನೆನೆಹಾಕಲಿಕ್ಕೆ ಮಸೀದಿಯ ಬಿರಿಯಾನಿ ಪಾತ್ರೆ ಕೇಳಲು ಹೋಗಿದ್ದಾಳೆ.”

ಅವ್ವಮ್ಮ ಫಿದಾಳ ಸೋದರಮಾವನ ಹೆಂಡತಿ. ನೆರೆಮನೆಯ ಸೈನಬ ಮತ್ತು ಇನ್ನಿಬ್ಬರು ಹೆಂಗಸರ ಜೊತೆ ಬೆಳಗಿನ ತಿಂಡಿಗೆ ಪತ್ತಿರ್ ಮಾಡಿ ಮನೆಗಳಿಗೆ ಕಳಿಸುತ್ತಿದ್ದರು. ಮೊದಲೆಲ್ಲ ಆರ್ಡರ್ ಬರುತ್ತಿದ್ದುದು ಫೋನಿನಲ್ಲಿ. ಹಿಟ್ಟಿನ ಕೈಯಲ್ಲಿ ಫೋನ್ ಎತ್ತಲಾಗದೆ ಮೊಣಕೈಯಿಂದ ಒತ್ತಿ ಮಾತಾಡುವುದನ್ನು ನೋಡಿ ಫಿದಾ ಎರಡು ತಿಂಗಳ ಹಿಂದೆ ಒಂದು ವೆಬ್ ಪೇಜ್ ಮಾಡಿಕೊಟ್ಟಿದ್ದಳು. ಮೂಡಬಿದ್ರೆಯ ಹಾಸ್ಟೆಲಿನಲ್ಲಿದ್ದು ಓದಿದ ಮೂರು ವರ್ಷದಲ್ಲಿ ಅವಳು ಮಾಡಿದ್ದೆಲ್ಲ ವೈವಾದ ದಿನ ಓಡಿ ಮರುದಿನ ಸತ್ತ ಪ್ರಾಜೆಕ್ಟುಗಳು. ಜನ ದಿನಾ ಬಳಸುವ ಅವಳ ಕೆಲಸ ಇದೊಂದೇ. ಅದಕ್ಕೂ ಕುತ್ತು ಬಂದಿತ್ತು. ಪೇಜ್ ತೆರೆಯಲು ಹತ್ತು ಸೆಕೆಂಡು ಹಿಡಿಯುತ್ತದೆಂದು ಜನ ಮತ್ತೆ ಫೋನ್ ಮಾಡತೊಡಗಿದ್ದರು. “ಈ ವಾರ ನೋಡ್ತೇನೆ. ಆಗದಿದ್ದರೆ ಮುಚ್ಚಿಬಿಡು, ನಮಗೆ ಫೋನೇ ಸಾಕು” ಎಂದು ಅವ್ವಮ್ಮ ಭಾನುವಾರವೇ ಹೇಳಿಯಾಗಿತ್ತು.

ನಿಧಾನಕ್ಕೆ ಕಾರಣ ಕಂಡುಹಿಡಿದವನು ಉಜ್ವಲ್. ಫಿದಾಳ ಸಹಪಾಠಿ, ಈಗ ಬೆಳ್ತಂಗಡಿಯಲ್ಲಿ ಇಬ್ಬರೇ ಇರುವ ಒಂದು ಆಫೀಸಿನಲ್ಲಿ ಪ್ರೋಗ್ರಾಮರ್. ಗಿರಾಕಿ, ತಿಂಡಿ, ಆರ್ಡರ್ ಎಂದು ಫಿದಾ ಒಂದೊಂದಕ್ಕೂ ಒಂದು ಕ್ಲಾಸ್ ಬರೆದಿದ್ದಳು. ಕ್ಲಾಸ್ ಎಂದರೆ ಅಚ್ಚು. ಬರುವ ಪ್ರತಿ ಆರ್ಡರೂ ಆ ಅಚ್ಚಿನಿಂದ ಹುಟ್ಟುತ್ತದೆ. ಈ ಅಚ್ಚುಗಳಿಗೆಲ್ಲ ಬೇಕಾದ ಸಾಮಾನ್ಯ ಗುಣಗಳನ್ನು ಕೊಡುವುದು ಬೇಸ್ ಕ್ಲಾಸ್. ಅದಕ್ಕೆ ಅವಳು ನಂಬಿದ್ದು ಹೊರಗಿನಿಂದ ತಂದ ಭಾರೀ ಲೈಬ್ರರಿಯೊಂದನ್ನು. ಅಗ್ಗದ ಸರ್ವರಿಗೆ ಅದರ ಭಾರ ತಡೆಯದು. ಮೆಮೊರಿ ಸಾಲದೆ ಬೀಳುತ್ತಿತ್ತು, ಎದ್ದಾಗಲೆಲ್ಲ ಅಷ್ಟನ್ನೂ ಮತ್ತೆ ಹೊತ್ತುಕೊಳ್ಳುತ್ತಿತ್ತು.

“ಪತ್ತಿರ್ ತಟ್ಟಲಿಕ್ಕೆ ಜೆಸಿಬಿ ತಂದಿದ್ದೀಯಲ್ಲ ಮಾರಾಯ್ತಿ! ನೀನು ಪೇಜ್ ಕಟ್ಟಿದ ಫ್ರೇಮ್‌ವರ್ಕಿನ ಒಳಗೇ ಪುಟ್ಟ ಬೇಸ್ ಕ್ಲಾಸ್ ಒಂದುಂಟು. ಹುಟ್ಟಿಸುತ್ತದೆ, ಹೆಸರಿಟ್ಟ ಗುಣಗಳನ್ನು ಇಟ್ಟುಕೊಳ್ಳುತ್ತದೆ, ಮೊದಲ ಬೆಲೆ ಕೊಡುತ್ತದೆ. ಮತ್ತೇನು ಬೇಕು ನಿನಗೆ?” ಎಂದಿದ್ದ.

ಬುಧವಾರ ಸಂಜೆ ಫಿದಾ ಎಲ್ಲವನ್ನೂ ಆ ಪುಟ್ಟ ಕ್ಲಾಸಿಗೆ ಬದಲಾಯಿಸಿದಳು. ಪೇಜ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ತನ್ನ ಹೆಸರಿನಲ್ಲಿ ಒಂದು ಆರ್ಡರ್ ಹಾಕಿ ನೋಡಿದಳು, ಸರಿ ಬಂತು. ಅದನ್ನು ಅಳಿಸಿ, ಸರ್ವರನ್ನು ಹೊಸದಾಗಿ ಚಾಲೂ ಮಾಡಿ, ಖುಷಿಯಲ್ಲಿ ಮಲಗಿದಳು.

ಈಗ ಎರಡೂವರೆ ಆಗಿತ್ತು. ಮೂರಕ್ಕೆ ಅಕ್ಕಿ ನೆನೆಹಾಕಬೇಕು. ಫಿದಾ ಉಜ್ವಲನಿಗೆ ಫೋನ್ ಮಾಡಿದಳು.

“ನಿನ್ನ ಪುಟ್ಟ ಕ್ಲಾಸ್ ನನ್ನ ಮಾನ ಕಳೆಯಿತು. ಒಬ್ಬರ ಆರ್ಡರ್ ಇನ್ನೊಬ್ಬರಿಗೆ ಸೇರುತ್ತಾ ಉಂಟು.”

“ನನ್ನದಲ್ಲ, ಫ್ರೇಮ್‌ವರ್ಕಿನದ್ದು. ಅದು ನಿನಗೆ ಎಲ್ಲಾದರೂ ಬೈದಿತ್ತಾ?”

“ಹೌದು,” ಎಂದಳು ಫಿದಾ. ಬೈದಿತ್ತು. ಪ್ರತಿ ಆರ್ಡರ್ ಹುಟ್ಟುವಾಗ ಅದಕ್ಕೊಂದು ಖಾಲಿ ಪಟ್ಟಿ ಕೊಡಬೇಕು. ಅವಳು ನೇರ ಪಟ್ಟಿಯನ್ನೇ ಬರೆದಾಗ, ಹಾಗೆ ಕೊಡಬಾರದು, ಫಂಕ್ಷನ್, ಅಂದರೆ ಕರೆದಾಗ ಕೆಲಸ ಮಾಡುವ ಕೋಡಿನ ತುಣುಕು, ಕೊಡು ಎಂದು ಕೆಂಪು ಅಕ್ಷರದಲ್ಲಿ ಗದರಿತ್ತು. ಯಾಕೆಂದು ಓದುವ ತಾಳ್ಮೆ ಅವಳಿಗಿರಲಿಲ್ಲ. ಫೈಲಿನ ಮೇಲ್ಗಡೆ ಒಂದು ಖಾಲಿ ಪಟ್ಟಿ ಇಟ್ಟು, ಅದನ್ನೇ ಎತ್ತಿಕೊಡುವ ಫಂಕ್ಷನ್ ಬರೆದಿದ್ದಳು. ಗದರುವುದು ನಿಂತಿತ್ತು.

“ಬಾಯಿ ಮುಚ್ಚಿಸಿದೆಯಾ?” ಎಂದ ಉಜ್ವಲ್. ಆ ಕಡೆಯಿಂದ ನಗು ಕೇಳಿತು. “ಫೋನ್ ಇಡು. ನಿನಗೇ ಗೊತ್ತಾಯಿತಲ್ಲ.”

ಗೊತ್ತಾಗಿತ್ತು. ಫಂಕ್ಷನ್ ಪ್ರತಿ ಸಲ ಹೊಸ ಪಟ್ಟಿ ಮಾಡಿಕೊಡಲಿ ಎಂದು ಆ ಕ್ಲಾಸ್ ಕೇಳಿದ್ದು. ಇವಳ ಫಂಕ್ಷನ್ ಎಲ್ಲರ ಕೈಗೂ ಹಳೆಯದೊಂದನ್ನೇ ಇಡುತ್ತಿತ್ತು. ಮೊದಲನೆಯವರು ಬರೆದದ್ದರ ಕೆಳಗೆ ಎರಡನೆಯವರು, ಅದರ ಕೆಳಗೆ ಮೂರನೆಯವರು. ಒಬ್ಬಳೇ ಕೂತು ಪರೀಕ್ಷಿಸಿದರೆ ಈ ತಪ್ಪು ಕಾಣುವ ಬಗೆಯೇ ಇಲ್ಲ.

ಹಳೆಯ ಭಾರೀ ಲೈಬ್ರರಿಗೆ ಹಿಂದಿರುಗುವುದು ಎರಡು ನಿಮಿಷದ ಕೆಲಸವಾಗಿತ್ತು. ಆದರೆ ಅದರ ಜೊತೆ ಆ ಹತ್ತು ಸೆಕೆಂಡೂ ಹಿಂದಿರುಗುತ್ತಿತ್ತು. ಅವಳು ಮೇಲ್ಗಡೆಯ ಪಟ್ಟಿಯನ್ನು ಅಳಿಸಿ, ಫಂಕ್ಷನಿನ ಒಳಗೇ ಹೊಸದನ್ನು ಮಾಡಿದಳು. ಒಂದು ಸಾಲು.

“ಮಾಮಿ, ತಪ್ಪು ನನ್ನದೇ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟಿದ್ದೆ.”

“ಅಂದರೆ? ಮದುವೆಯಲ್ಲಿ ನಾಲ್ವರನ್ನು ಒಂದೇ ತಟ್ಟೆಗೆ ಕೂರಿಸಿದ ಹಾಗಾ?”

“ನಾಲ್ವರಲ್ಲ, ಇಪ್ಪತ್ತಮೂರು ಮನೆಯವರನ್ನು.”

“ಕೂತು ಉಣ್ಣಲಿಕ್ಕೆ ಅದು ಚಂದ ಮಗಳೇ. ಕಟ್ಟಿ ಕಳಿಸಲಿಕ್ಕೆ ಆಗುವುದಿಲ್ಲ.” ಅವ್ವಮ್ಮ ಗಡಿಯಾರ ನೋಡಿದರು. “ಮುಂದಿನದು ಬಿಡು. ನಾಳೆಗೆ ಎಷ್ಟು? ಇಪ್ಪತ್ತಮೂರು ಮನೆಗೂ ಫೋನ್ ಮಾಡಿ ಕೇಳುವುದಾ?”

ಫಿದಾ ಪಟ್ಟಿಯನ್ನೇ ದಿಟ್ಟಿಸುತ್ತ ಕೂತಳು. ಎರಡನೇ ಆರ್ಡರಿನಲ್ಲಿ ಮೊದಲನೆಯದೂ ಇತ್ತು, ಮೂರನೆಯದರಲ್ಲಿ ಮೊದಲ ಎರಡೂ. ಏನೂ ಕಳೆದುಹೋಗಿರಲಿಲ್ಲ, ಬರೇ ಸೇರಿಕೊಂಡಿತ್ತು. ಪ್ರತಿಯೊಂದರಿಂದ ಅದರ ಹಿಂದಿನದನ್ನು ಕಳೆದರೆ ಆ ಮನೆಯವರು ಕೇಳಿದ್ದು ಸಿಗುತ್ತದೆ. ಬೆರಳಿನಲ್ಲಿ ಎಣಿಸುತ್ತಾ ಹೋದಳು. ಕೊನೆಯಲ್ಲಿ ಕಾಂತಿ ಟೀಚರಿಗೆ ಉಳಿದದ್ದು ಎಂಟು.

“ತಂಗಿ ಹುಷಾರಿದ್ದಾಳೆ,” ಎಂದರು ಅವ್ವಮ್ಮ.

“ಹಾಗಾದರೆ ಮಾಮಿ, ಟೀಚರ ಹೆಸರಿನಲ್ಲಿ ಬಂದ ಇನ್ನೂರ ಹನ್ನೆರಡೇ ನಾಳೆಯ ಒಟ್ಟು.”

ಅವ್ವಮ್ಮ ಮನೆಮನೆಯ ಹೆಸರು ಹಿಡಿದು ಬಾಯಲ್ಲೇ ಕೂಡಿಸಿ ನೋಡಿದರು. ಮೂಸಾನ ಮನೆಗೆ ಇಪ್ಪತ್ತು, ಹೌದು, ಅವನ ಮಕ್ಕಳು ತಿನ್ನುವವರು. ಶಬ್ನಾಳಿಗೆ ಹತ್ತು, ಸರಿ. ಯಾವುದೂ ಅವರಿಗೆ ವಿಚಿತ್ರ ಅನಿಸಲಿಲ್ಲ. “ಹನ್ನೊಂದು ಸೇರು ಅಕ್ಕಿ,” ಎಂದು ಎದ್ದರು.

ಅಷ್ಟರಲ್ಲಿ ಗೇಟಿನ ಹೊರಗೆ ರಿಕ್ಷಾ ನಿಂತ ಸದ್ದಾಯಿತು. ಸೈನಬ ಪಾತ್ರೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಾನು ಡ್ರೈವರನ ಪಕ್ಕ ಮುದುಡಿಕೊಂಡು ಬಂದಿದ್ದಳು.

“ವಾಪಸ್ ತೆಗೆದುಕೊಂಡು ಹೋಗು,” ಎಂದರು ಅವ್ವಮ್ಮ.

“ಯಾ ಅಲ್ಲಾ! ಮಸೀದಿಯ ಉಸ್ತಾದರಲ್ಲಿ ಎರಡು ಸಾವಿರ ಪತ್ತಿರ್ ಅಂತ ಹೇಳಿ ಬಂದೆನಲ್ಲ! ಇನ್ನು ಏನು ಹೇಳುವುದು?”

“ಫಿದಾ ಬರೆದದ್ದು ಅಂತ ಹೇಳು. ನಗುತ್ತಾರೆ, ಬಿಡ್ತಾರೆ.”

ಫಿದಾಳಿಗೂ ನಗು ಬಂತು. ಆದರೆ ಕೇಳಬೇಕಾದ್ದು ಇನ್ನೂ ಬಾಕಿ ಇತ್ತು. ಸೈನಬಳ ಮೊಬೈಲಿನಿಂದ ಒಂದು, ತನ್ನದರಿಂದ ಒಂದು ಸುಳ್ಳು ಆರ್ಡರ್ ಹಾಕಿ, ಎರಡೂ ಬೇರೆ ಬೇರೆ ಬಂದದ್ದನ್ನು ಅವ್ವಮ್ಮನಿಗೆ ತೋರಿಸಿ, ಆಮೇಲೆ ಅವನ್ನು ಅಳಿಸಿ ಕೇಳಿದಳು.

“ಪೇಜ್ ಮುಚ್ಚುವುದಾ ಮಾಮಿ?”

ಅವ್ವಮ್ಮ ಅಕ್ಕಿ ತೊಳೆಯುತ್ತಿದ್ದರು. ಮೂರನೇ ನೀರು ಹಾಕಿದರು.

“ಇವತ್ತು ಬೆಳಗ್ಗಿನಿಂದ ಫೋನ್ ಒಂದು ಸಲವೂ ಹೊಡೆಯಲಿಲ್ಲ, ಗೊತ್ತಾ? ಎರಡು ಸಲ ಕೈ ತೊಳೆದು ನೋಡಿದೆ, ಹಾಳಾಗಿದೆಯೋ ಅಂತ.” ನೀರು ಚೆಲ್ಲಿ ಸೊಂಟ ನೆಟ್ಟಗೆ ಮಾಡಿದರು. “ಶನಿವಾರದ್ದನ್ನು ತೆರೆ. ಎರಡು ಗಂಟೆಗೆ ಪಟ್ಟಿ ಮಾತ್ರ ನಾನೇ ಓದುವುದು.”

ಫಿದಾ ತೆರೆದಳು. ಐದು ನಿಮಿಷದೊಳಗೆ ಮೊದಲ ಆರ್ಡರ್ ಬಂತು, ಮೇಲ್ಕಾರಿನ ರಾಫಿಯಾಳದ್ದು.

“ಎಷ್ಟು?” ಎಂದು ಒಳಗಿನಿಂದ ಕೂಗು.

“ಮೂವತ್ತು.”

ಅಕ್ಕಿಯ ಕೈಯಲ್ಲೇ ಬಾಗಿಲಿಗೆ ಬಂದು, ರಾಫಿಯಾಳ ಮನೆಯವರನ್ನು ಬೆರಳಲ್ಲಿ ಎಣಿಸಿ ನೋಡಿದರು.

“ಅಳಿಯ ಬಂದಿರಬೇಕು,” ಎಂದರು ಅವ್ವಮ್ಮ. “ಇರಲಿ, ಸರಿಯೇ ಉಂಟು.”